ಮಾವನ ಹೊಲ, ಬೆಂಗಳೂರಿನ ನೀರು: ಕೆಲವರಪಳ್ಳಿ ನೊರೆಯ ಒಂದು ಪ್ರಕರಣ

ಆ ದಿನ ಬೆಳಿಗ್ಗೆ ಸೇತುವೆ ಕಾಣುತ್ತಿರಲಿಲ್ಲ. ಹೊಳೆ ಏರಿ ಮುಳುಗಿಸಿತ್ತು ಅಂತಲ್ಲ, ನೀರು ಸೇತುವೆಯ ಕೆಳಗೇ ಹರಿಯುತ್ತಿತ್ತು. ಮೇಲೆ ಕೂತಿದ್ದು ನೊರೆ. ಆಳೆತ್ತರದ ನೊರೆ. ಈ ದಡದಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕುಗಳು, ಸ್ಕೂಲಿಗೆ ಹೊರಟ ಮಕ್ಕಳು, ಹೂವು ಹೇರಿಕೊಂಡ ಒಂದು ಆಟೋ. ಆ ದಡದಲ್ಲಿ ನನ್ನ ಸೋದರಮಾವ. ಅವರ ಎರಡೂವರೆ ಎಕರೆ ಹೊಲ ಇರುವುದು ಆ ಕಡೆಗೆ. ಫೋನ್ ಮಾಡಿದೆ.

"ಬರಬೇಡ ಕಣೋ," ಅಂದರು. "ಒಳಗೆ ರೋಡು ಯಾವುದು, ಹೊಳೆ ಯಾವುದು ಗೊತ್ತಾಗಲ್ಲ. ಸುತ್ತಿಕೊಂಡು ಬಾ."

ಹತ್ತು ಗಂಟೆಗೆ ಫೈರ್ ಎಂಜಿನ್ ಬಂತು. ಪೈಪು ಹಿಡಿದು ನೀರು ಹೊಡೆದರು. ನೊರೆ ಕುಸಿಯಿತು, ಅರ್ಧ ಗಂಟೆಯಲ್ಲಿ ಮತ್ತೆ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಹುಡುಗರು ಫೋಟೋ ತೆಗೆದುಕೊಂಡು ಮುಗಿಸಿದ್ದರು. ಮೂರನೇ ದಿನ ನೊರೆ ಇಳಿಯಿತು, ಸುದ್ದಿಯೂ ಇಳಿಯಿತು.

ಜಾಗ ಹೊಸೂರಿನ ಪಕ್ಕ, ಕೆಲವರಪಳ್ಳಿ ಅಣೆಕಟ್ಟಿನ ಕೆಳಗೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಹೊಳೆಯ ಹೆಸರು ಕನ್ನಡದಲ್ಲಿ ದಕ್ಷಿಣ ಪಿನಾಕಿನಿ, ತಮಿಳಿನಲ್ಲಿ ತೆನ್‌ಪೆಣ್ಣೈ. ಮನೆಯಲ್ಲಿ ಮಾತ್ರ ಸುಮ್ನೆ 'ಹೊಳೆ'. ಈ ನೊರೆಯ ಫೋಟೋ ಹೆಚ್ಚುಕಮ್ಮಿ ವರ್ಷಾ ವರ್ಷಾ ಪೇಪರಿನಲ್ಲಿ ಬರುತ್ತದೆ. ನೊರೆ ಇಲ್ಲದ ದಿನ ಅದೇ ನೀರು ಮಾವನ ಹೊಲಕ್ಕೆ ಹೋಗುತ್ತದೆ, ಅದರ ಫೋಟೋ ಯಾರೂ ತೆಗೆಯುವುದಿಲ್ಲ. ಒಂದು ಹೊಲವನ್ನು ಹಿಡಿದುಕೊಂಡು ಈ ನೀರನ್ನು ಹಿಂಬಾಲಿಸಿದರೆ ಏನು ಸಿಗುತ್ತದೆ ಅಂತ ನೋಡಿದೆ. ಅದರ ವರದಿ ಇದು.

ನೊರೆ ಅಲ್ಲೇ ಯಾಕೆ ಏಳುತ್ತದೆ

ನೊರೆ ಅಣೆಕಟ್ಟಿನಲ್ಲಿ ಹುಟ್ಟುವುದಿಲ್ಲ. ಅಲ್ಲಿ ಬರೀ ಕಡೆಯಲ್ಪಡುತ್ತದೆ, ಮಜ್ಜಿಗೆ ಕಡೆದ ಹಾಗೆ. ಸೋಪಿನ ಪುಡಿಯಲ್ಲಿ ಕೊಳೆ ಬಿಡಿಸುವ ರಾಸಾಯನಿಕಕ್ಕೆ ಸರ್ಫ್ಯಾಕ್ಟೆಂಟ್ ಅನ್ನುತ್ತಾರೆ. ಅದರ ಒಂದು ತುದಿ ನೀರಿಗೆ ಅಂಟುತ್ತದೆ, ಇನ್ನೊಂದು ತುದಿ ಜಿಡ್ಡಿಗೆ. ನೀರು ಎತ್ತರದಿಂದ ಬಿದ್ದು ಗಾಳಿ ಬೆರೆತಾಗ ಅದು ಗುಳ್ಳೆಯ ಸುತ್ತ ಪೊರೆ ಕಟ್ಟುತ್ತದೆ. ಗುಳ್ಳೆ ಬೇಗ ಒಡೆಯುವುದಿಲ್ಲ. ಕೆಲವರಪಳ್ಳಿ ಅಣೆಕಟ್ಟಿನ ಪೂರ್ತಿ ಮಟ್ಟ 44.28 ಅಡಿ. ನಮ್ಮ ಕಡೆ ತಮಿಳು ಪೇಪರುಗಳಲ್ಲಿ ಆಗಾಗ ಅಚ್ಚಾಗುವ ಅಂಕಿ ಇದು, ಹೊಳೆಯ ಪಕ್ಕದ ಮಕ್ಕಳಿಗೂ ಬಾಯಿಪಾಠ. ಅಷ್ಟು ನೀರು ಶಟರಿನಿಂದ ನುಗ್ಗಿ ಬಂಡೆಗೆ ಬಡಿದರೆ ಕಡೆಗೋಲು ಬೇರೆ ಬೇಕಾ?

ಗಾಳಿ ಸಿಗುವ ನೀರಿನಲ್ಲಿ ಈ ರಾಸಾಯನಿಕವನ್ನು ಬ್ಯಾಕ್ಟೀರಿಯಾಗಳೇ ತಿಂದು ಮುಗಿಸುತ್ತವೆ. ಆಮ್ಲಜನಕ ಇಲ್ಲದ ಕೊಚ್ಚೆಯಲ್ಲಿ ಆ ಕೆಲಸ ನಡೆಯುವುದಿಲ್ಲ. ಸೋಪು ಕೆರೆಯ ತಳದ ಹೂಳಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಕೂತಿರುತ್ತದೆ. ಜೋರು ಮಳೆ ಬಂದು ಹೂಳು ಕದಡಿದ ದಿನ ಎಲ್ಲಾ ಒಟ್ಟಿಗೆ ಏಳುತ್ತದೆ. ಹೀಗಾಗಿ ಬೇಸಿಗೆಯ ಕಪ್ಪು ನೀರಿಗಿಂತ ಮಳೆಗಾಲದ ನೀರಿನಲ್ಲೇ ನೊರೆ ಜಾಸ್ತಿ. ನೋಡುವವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. "ಮಳೆ ಬಂದರೆ ಹೊಳೆ ತೊಳೆದು ಹೋಗಬೇಕಲ್ವಾ?" ಅಂತ ಅತ್ತೆ ಕೇಳಿದರು. ತೊಳೆಯುತ್ತದೆ ಅತ್ತೆ, ಆ ತೊಳೆದ ನೀರೇ ನಮ್ಮೂರಿಗೆ ಬರುವುದು.

ಬೈಕಿನಲ್ಲಿ ಮೇಲಕ್ಕೆ

ಒಂದು ಭಾನುವಾರ ಮಾವನ ಮಗನನ್ನು ಹಿಂದೆ ಕೂರಿಸಿಕೊಂಡು ಹೊಳೆಯ ಎದುರು ದಿಕ್ಕಿಗೆ ಹೊರಟೆ. ಅಣೆಕಟ್ಟಿನಿಂದ ಬಾಗಲೂರು, ಅಲ್ಲಿಂದ ಚೊಕ್ಕರಸನಪಳ್ಳಿ, ಕೊಡಿಯಾಳಂ. ಹೊಳೆ ತಮಿಳುನಾಡಿಗೆ ಕಾಲಿಡುವುದು ಈ ಊರುಗಳ ಹತ್ತಿರ. ಗಡಿ ಅಂತ ಅಲ್ಲಿ ಏನೂ ಕಾಣುವುದಿಲ್ಲ. ಎರಡೂ ಕಡೆ ಅದೇ ರಾಗಿ ಹೊಲ, ಅದೇ ನೀಲಗಿರಿ ತೋಪು, ಅದೇ ಕನ್ನಡ, ಅದೇ ತೆಲುಗು. ಬಸ್ಸಿನ ಬೋರ್ಡು ಮಾತ್ರ ಬದಲಾಗುತ್ತದೆ.

ಏಪ್ರಿಲ್ ತಿಂಗಳು. ಸುತ್ತಮುತ್ತ ಕೆರೆಗಳು ಬಿರುಕು ಬಿಟ್ಟಿದ್ದವು. ಹೊಳೆ ಮಾತ್ರ ಹರಿಯುತ್ತಿತ್ತು. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಹೊಳೆ ಇದು. ಅಲ್ಲಿ ಹಿಮ ಇಲ್ಲ, ದಟ್ಟ ಕಾಡೂ ಇಲ್ಲ. ಮಳೆ ನಿಂತರೆ ಹೊಳೆಯೂ ನಿಲ್ಲಬೇಕು. ಅಜ್ಜನ ಕಾಲದಲ್ಲಿ ಹಾಗೇ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಮರಳು ಕೆದಕಿ ಒರತೆಯ ನೀರು ತುಂಬಿಸಿಕೊಳ್ಳುತ್ತಿದ್ದೆವು ಅಂತ ಅಮ್ಮ ಈಗಲೂ ಹೇಳುತ್ತಾರೆ. ಈಗ ಆ ಹೊಳೆ ಏಪ್ರಿಲಿನಲ್ಲೂ ಹರಿಯುತ್ತದೆ ಅಂದರೆ ಅದು ಮಳೆಯ ನೀರಲ್ಲ.

ಸರ್ಜಾಪುರದ ಕಡೆ ಮುಗಳೂರಿನ ಸೇತುವೆಯ ಮೇಲೆ ನಿಂತಾಗ ನೀರು ಡಿಕಾಕ್ಷನ್ ಬಣ್ಣಕ್ಕಿತ್ತು. ಒಂದು ಸಣ್ಣ ಒಡ್ಡು ದಾಟುವಲ್ಲಿ ಅಂಗೈ ಅಗಲದ ನೊರೆ. ನಮ್ಮಲ್ಲಿ ಆಳೆತ್ತರಕ್ಕೆ ಏಳುವುದು ಇಲ್ಲಿ ಅಂಗೈ ಅಗಲ! ನೀರು ಅದೇ, ಬೀಳುವ ಎತ್ತರ ಬೇರೆ. ಇಲ್ಲಿನವರಿಗೆ ಫೋಟೋ ತೆಗೆಯಲು ಏನೂ ಇಲ್ಲ, ಮೂಗು ಮುಚ್ಚಿಕೊಳ್ಳಲು ಮಾತ್ರ ಇದೆ. ಸೇತುವೆಯ ಪಕ್ಕದ ಟೀ ಅಂಗಡಿಯವರು ಕೇಳಿದರು: "ಹೊಸೂರಿನಿಂದ ಇದನ್ನ ನೋಡೋಕೆ ಬಂದ್ರಾ?"

ಮುಂದೆ ವರ್ತೂರು, ಬೆಳ್ಳಂದೂರು. ಈ ಎರಡು ಕೆರೆಗಳ ಕತೆ ಗೊತ್ತಿಲ್ಲದ ಕನ್ನಡಿಗರು ಕಮ್ಮಿ. 2015ರ ಮೇ, 2017ರ ಫೆಬ್ರವರಿ, 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿತು. ಕೊನೆಯ ಸಲ ಆರಿಸಲು ಸೇನೆಯವರೂ ಇಳಿದಿದ್ದರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿ ನೀರು ಮೊದಲು ಬೆಳ್ಳಂದೂರಿಗೆ, ಅದರ ಕೋಡಿ ವರ್ತೂರಿಗೆ, ವರ್ತೂರಿನ ಕೋಡಿ ಪಿನಾಕಿನಿಗೆ. ಹೆಬ್ಬಾಳ ಕಣಿವೆಯದ್ದು ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕ ಹೊಸಕೋಟೆ ಕಡೆಯಿಂದ ಬರುತ್ತದೆ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಳ್ಳಂದೂರಿನ ಕೆಲಸಕ್ಕೆ 500 ಕೋಟಿ ರೂಪಾಯಿ ಬೇರೆಯೇ ತೆಗೆದಿಡಲು ಕರ್ನಾಟಕಕ್ಕೆ ಹೇಳಿತು. ಆಮೇಲೆ ಎರಡೂ ಕೆರೆಗಳಲ್ಲಿ ಹೂಳೆತ್ತುವ ಕೆಲಸ ಶುರುವಾಯಿತು.

ಹೂಳೆತ್ತಬೇಕಾದರೆ ಕೆರೆ ಒಣಗಿರಬೇಕು. ಒಣಗಿಸಲು ಒಳಗೆ ಬರುವ ನೀರನ್ನು ಪಕ್ಕದಲ್ಲಿ ಕಾಲುವೆ ತೋಡಿ ಕೆಳಕ್ಕೆ ದಾಟಿಸಿದರು. ಕೆಲಸದ ದೃಷ್ಟಿಯಿಂದ ಅದು ಸರಿಯೇ. ಆದರೆ ಕೆರೆ ಎಷ್ಟೇ ಕೊಳಕಾಗಿದ್ದರೂ ಸ್ವಲ್ಪ ಹೂಳು, ಸ್ವಲ್ಪ ಸೋಪು ತನ್ನ ತಳದಲ್ಲಿ ಹಿಡಿದಿಟ್ಟುಕೊಳ್ಳುತ್ತಿತ್ತು. ಪಕ್ಕದ ಕಾಲುವೆ ಏನನ್ನೂ ಹಿಡಿದಿಡುವುದಿಲ್ಲ. ಅಲ್ಲಿ ಕೆರೆ ಗುಣವಾಗುವ ತನಕ ಕಾಯಿಲೆ ಕೆಳಗಿನವರ ಮನೆಯಲ್ಲಿ ಇರಲಿ ಅಂದ ಹಾಗಾಯಿತು.

ಇದರಲ್ಲಿ ಕಾವೇರಿಯೂ ಇದೆ

ಇಷ್ಟು ನೀರು ಎಲ್ಲಿಂದ ಬಂತು ಅನ್ನುವುದು ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ರುಚಿಸಿದ ಪ್ರಶ್ನೆ. ಬೆಂಗಳೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಇಳಿದದ್ದು ಪಿನಾಕಿನಿಗೆ. ಆದರೆ ನಗರದವರು ಕುಡಿಯುವುದು, ಮೀಯುವುದು, ಬಟ್ಟೆ ಒಗೆಯುವುದು ಬಹುಪಾಲು ಕಾವೇರಿ ನೀರಿನಲ್ಲಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಅದನ್ನು ಪಂಪು ಮಾಡಿ ದಿಣ್ಣೆ ಹತ್ತಿಸುತ್ತಾರೆ. ಮೊದಲ ಹಂತ 1974ರಲ್ಲಿ ಬಂತು. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಚರಂಡಿಗೆ ವಾಪಸ್ಸು ಅನ್ನುವುದು ಎಂಜಿನಿಯರುಗಳ ಲೆಕ್ಕ.

ಅಂದರೆ ಕಾವೇರಿ ನೀರು ಪೈಪಿನಲ್ಲಿ ಮೇಲೆ ಹತ್ತಿ, ಇಂದಿರಾನಗರ, ಕೋರಮಂಗಲದ ಬಚ್ಚಲುಗಳಲ್ಲಿ ಸೋಪು ಬೆರೆಸಿಕೊಂಡು, ಪೂರ್ವದ ಇಳಿಜಾರು ಹಿಡಿದು ಹೊಸೂರಿಗೆ ಬರುತ್ತದೆ. ಎರಡು ರಾಜ್ಯ ಅಷ್ಟು ವರ್ಷ ಕಿತ್ತಾಡಿದ ನೀರು ಹೀಗೆ ಹಿತ್ತಲ ಬಾಗಿಲಿನಿಂದ ತಮಿಳುನಾಡಿಗೆ ಹೋಗುತ್ತಿದೆ. ಇದು ನನ್ನ ತಮಾಷೆ ಅಲ್ಲ. ಕಾವೇರಿ ನ್ಯಾಯಮಂಡಳಿ ಬೆಂಗಳೂರಿನ ಕುಡಿಯುವ ನೀರಿನ ಲೆಕ್ಕ ಹಾಕುವಾಗ ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಅಂತ ಅಷ್ಟಕ್ಕೇ ಎಣಿಸಿತ್ತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಬೆಂಗಳೂರಿಗಾಗಿ 4.75 ಟಿಎಂಸಿ ಹೆಚ್ಚು ಕೊಟ್ಟಿತು. ಕಣಿವೆಯ ಹೊರಗಿನ ಬೆಂಗಳೂರು ಕುಡಿದ ನೀರು ಆಮೇಲೆ ಎಲ್ಲಿಗೆ ಇಳಿಯುತ್ತದೆ? ಅದಕ್ಕೆ ಉತ್ತರ ಮಾವನ ಹೊಲದಲ್ಲಿದೆ.

ಹೊಲದಲ್ಲಿ ಏನಾಯಿತು

ಕೆಲವರಪಳ್ಳಿಯಿಂದ ಎಡಕ್ಕೊಂದು, ಬಲಕ್ಕೊಂದು ಕಾಲುವೆ. ಎರಡೂ ಸೇರಿ ಸುಮಾರು 8000 ಎಕರೆ ಅಚ್ಚುಕಟ್ಟು. ಮಾವನ ಹೊಲ ಅದರಲ್ಲಿ ಒಂದು ಚುಕ್ಕಿ. ಮೊದಲು ಅವರು ರಾಗಿ, ಅವರೆ, ಕೊತ್ತಂಬರಿ ಸೊಪ್ಪು ಬೆಳೆಯುತ್ತಿದ್ದರು. ಸೊಪ್ಪು ಹೊಸೂರಿನ ಉಳವರ್ ಸಂದೈಗೆ, ಅಂದರೆ ರೈತರ ಸಂತೆಗೆ, ಹೋಗುತ್ತಿತ್ತು, ಒಂದಿಷ್ಟು ಬೆಂಗಳೂರಿಗೂ.

ಈ ನೀರು ಬಂದಾಗ ಮೊದಲು ಖುಷಿಯೇ ಆಯಿತು. ಇದನ್ನು ಮಾವ ಮುಚ್ಚಿಡುವುದಿಲ್ಲ. ಚರಂಡಿ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಇರುತ್ತವೆ. ಯೂರಿಯಾ ಕಮ್ಮಿ ಸಾಕಾಯಿತು. ಸೊಪ್ಪು ಕಡುಹಸಿರಾಗಿ ಎದ್ದಿತು. ಆಮೇಲೆ ಒಂದೊಂದೇ ಶುರುವಾಯಿತು. ಅವರೆ ಗಿಡ ಎಲೆ ಬಿಟ್ಟಿತೇ ಹೊರತು ಕಾಯಿ ಹಿಡಿಯಲಿಲ್ಲ. ಡ್ರಿಪ್ ಪೈಪಿನ ತೂತುಗಳಲ್ಲಿ ಲೋಳೆ ಕಟ್ಟಿಕೊಂಡಿತು. ನೀರು ಕಟ್ಟಿದ ಮೇಲೆ ಮಣ್ಣು ಹೆಪ್ಪುಗಟ್ಟಿ, ಒಣಗಿದಾಗ ಗಾರೆಯ ಹಾಗಾಯಿತು. ಸೋಪಿನ ನೀರಿನಲ್ಲಿ ಸೋಡಿಯಂ ಇರುತ್ತದೆ. ಅದು ಜೇಡಿಮಣ್ಣಿನ ಕಣಗಳನ್ನು ಬಿಡಿಸಿ ಸಂದುಗಳನ್ನು ಮುಚ್ಚಿಬಿಡುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಹೊಲದಲ್ಲಿ ಬರಿಗಾಲಲ್ಲಿ ನಿಂತು ನೀರು ಕಟ್ಟಿದ ದಿನ ಮಾವನಿಗೆ ಮೊಣಕಾಲಿನ ತನಕ ನವೆ. ಅತ್ತೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುತ್ತಾರೆ.

ಒಂದು ದಿನ ಊಟಕ್ಕೆ ಕೂತಾಗ ನೋಡಿದೆ. ಸಾರಿಗೆ ಹಾಕಿದ ಕೊತ್ತಂಬರಿ ಅಂಗಡಿಯಿಂದ ತಂದದ್ದು. ಹೊಲದ ತುಂಬಾ ಸೊಪ್ಪು ಇಟ್ಟುಕೊಂಡು ಅಂಗಡಿಯಿಂದ ಯಾಕೆ ಅಂತ ನಾನು ಕೇಳಲಿಲ್ಲ. ಮಾವನೇ ತಟ್ಟೆ ನೋಡುತ್ತಾ ಹೇಳಿದರು: "ನಾವು ತಿನ್ನದೇ ಇರೋದನ್ನ ಮಾರೋದು ಸರಿಯಲ್ಲ ಅಂತ ನಿಮ್ಮತ್ತೆ ದಿನಾ ಅಂತಾಳೆ." ಮುಂದಿನ ಬೆಳೆಗೆ ಸೊಪ್ಪು ನಿಲ್ಲಿಸಿದರು. ಒಂದು ಎಕರೆಗೆ ಬಟನ್ ಗುಲಾಬಿ, ಉಳಿದದ್ದಕ್ಕೆ ಸೀಮೆಹುಲ್ಲು. ಗುಲಾಬಿಯನ್ನು ಯಾರೂ ತಿನ್ನುವುದಿಲ್ಲ, ನಿಜ. ಹುಲ್ಲನ್ನು ಹಸು ತಿನ್ನುತ್ತದೆ, ಹಾಲನ್ನು ನಾವು ಕುಡಿಯುತ್ತೇವೆ. ಈ ಮಾತು ಬಂದರೆ ಮನೆಯಲ್ಲಿ ಎಲ್ಲರೂ ಬೇರೆ ವಿಷಯ ತೆಗೆಯುತ್ತಾರೆ.

ಗುಲಾಬಿಗೂ ನೊರೆಯ ಕಾಟ ತಪ್ಪಲಿಲ್ಲ. ಗಾಳಿ ಬಂದಾಗ ಹೊಳೆಯಿಂದ ನೊರೆಯ ಉಂಡೆಗಳು ಹತ್ತಿಯ ಹಾಗೆ ಹಾರಿ ಬಂದು ಹೂವಿನ ಮೇಲೆ ಕೂರುತ್ತವೆ. ಒಣಗಿದ ಮೇಲೆ ಎಸಳಿನ ಮೇಲೆ ಬೂದಿ ಬಣ್ಣದ ಕಲೆ. ಮಂಡಿಯಲ್ಲಿ ಆ ಹೂವನ್ನು ಬೇರೆ ಎತ್ತಿಡುತ್ತಾರೆ.

ಅರ್ಜಿ ಬರೆದುಕೊಂಡು ನಾವಿಬ್ಬರೂ ಹೊಸೂರಿನ ಒಂದು ಆಫೀಸಿಗೆ ಹೋದೆವು. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಟೀ ಕೊಟ್ಟರು. ನಮ್ಮ ಮಾತಿನ ಧಾಟಿ ಕೇಳಿ ನಕ್ಕರು: "ಉಂಗ ಊರು ತಣ್ಣಿದಾನೇ!" ನಿಮ್ಮೂರ ನೀರೇ ತಾನೇ ಅಂತ. ಮಾವ ಹುಟ್ಟಿದ್ದು ಹೊಸೂರು ತಾಲ್ಲೂಕಿನಲ್ಲಿ, ಅವರ ಅಪ್ಪ ಹುಟ್ಟಿದ್ದೂ ಅಲ್ಲೇ. ಆದರೂ ಕನ್ನಡ ಮಾತಾಡಿದರೆ ನೊರೆಗೂ ವಾರಸುದಾರ. ಬೆಂಗಳೂರಿನ ಒಂದು ಆಫೀಸಿಗೆ ನಾನೊಬ್ಬನೇ ಹೋದೆ. ಅಲ್ಲಿ ಉತ್ತರ ಇನ್ನೂ ಚಿಕ್ಕದು: "ಅದು ತಮಿಳುನಾಡು ಸಾರ್, ನಮಗೆ ಬರಲ್ಲ."

ಹೊಸೂರಿನವರಾದ ನಾವೂ ಸಾಚಾಗಳಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. 2019ರಲ್ಲಿ ಮಹಾನಗರ ಪಾಲಿಕೆ ಆದ ಊರು ಇದು. ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶ ಸಿಪ್ಕಾಟ್ ಬಂದ ಮೇಲೆ ಬೆಳೆದ ಬಡಾವಣೆಗಳ ಬಚ್ಚಲ ನೀರೂ ತಗ್ಗು ಹುಡುಕಿಕೊಂಡೇ ಹೋಗುತ್ತದೆ. ಇದೇ ಹೊಳೆಗೆ ನಮಗಿಂತ ಕೆಳಗೆ ಕಟ್ಟಿರುವ ಕೃಷ್ಣಗಿರಿ ಅಣೆಕಟ್ಟಿನ ಕೆಳಗಿನ ರೈತರು ನಮ್ಮನ್ನು ಬೈದರೆ ಅದರಲ್ಲೂ ನ್ಯಾಯ ಇದೆ.

ಕೋಲಾರದ ಅಕ್ಕ

ಮಾವನ ದೊಡ್ಡ ಮಗಳನ್ನು ಕೋಲಾರದ ಕಡೆಗೆ ಕೊಟ್ಟಿದೆ. ಅಕ್ಕನ ಊರಿನ ಕೆರೆ ವರ್ಷಗಟ್ಟಲೆ ಬರಿದಾಗಿತ್ತು. ಈಗ ತುಂಬಿದೆ, ಕೊಳವೆ ಬಾವಿಯಲ್ಲಿ ನೀರು ಮೇಲೆ ಬಂದಿದೆ. ಅದು ಕೆ.ಸಿ. ವ್ಯಾಲಿ ಯೋಜನೆಯ ನೀರು. ನಮಗೆ ಬರುವ ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳಿಗೆ ಹಾಯಿಸುವ ಯೋಜನೆ. 2018ರ ಜೂನಿನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಕೆಲವೇ ವಾರಗಳಲ್ಲಿ ಅಲ್ಲೂ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟಿಗೆ ಹೋಗಿ, ಸ್ವಲ್ಪ ಕಾಲ ನಿಂತು, ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಕೋಲಾರದವರು ಕೇಳುತ್ತಲೇ ಇದ್ದಾರೆ.

ಹಬ್ಬಕ್ಕೆ ಅಕ್ಕ ಬಂದಾಗ ಮನೆಯಲ್ಲಿ ಒಂದು ಸಣ್ಣ ಜಗಳ ಆಯಿತು. "ಅಪ್ಪಾ, ಬೆಂಗಳೂರಿನವರು ಪೂರ್ತಿ ನೀರು ಶುದ್ಧ ಮಾಡಿ ನಮ್ಮ ಕಡೆ ಕಳಿಸಿಬಿಟ್ಟರೆ ನಿಮಗೆ ನೊರೆಯೂ ಇರಲ್ಲ, ನಮಗೆ ನೀರೂ ಸಿಗತ್ತೆ," ಅಂದಳು ಅಕ್ಕ.

ಮಾವ ತುಂಬಾ ಹೊತ್ತು ಸುಮ್ಮನಿದ್ದರು. "ಆಮೇಲೆ ನಾನೇನು ಬೆಳೀಲಿ ಮಗಳೇ?"

ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಇರುವುದು ಇಲ್ಲಿ. ಮಾವನಿಗೆ ಈ ನೀರು ಬೇಡ. ಈ ನೀರು ಬಿಟ್ಟರೆ ಬೇಸಿಗೆಯಲ್ಲಿ ಬೇರೆ ನೀರೂ ಇಲ್ಲ. ನೊರೆ ನಿಲ್ಲಿಸಿ ಅಂತ ಕೇಳಿದರೆ ಹೊಳೆಯನ್ನೇ ನಿಲ್ಲಿಸಿಬಿಡುವ ಭಯ ಇದೆ. ಹೊಸೂರಿನಲ್ಲಿ ನಾನು ಕಂಡ ಎಷ್ಟೋ ರೈತರು ಜೋರಾಗಿ ದೂರು ಕೊಡದೆ ಇರುವುದಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ. ಸೋಮಾರಿತನ ಅಲ್ಲ, ಲೆಕ್ಕಾಚಾರ.

ಸರ್ಕಾರಗಳೂ ಈ ಎರಡು ಪ್ರಶ್ನೆಗಳನ್ನು ಎರಡು ಕಪಾಟಿನಲ್ಲಿ ಇಟ್ಟಿವೆ. ನೀರು ಎಷ್ಟು ಅನ್ನುವುದು ಒಂದು ಕಡೆ. ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಯರಗೋಳಿನಲ್ಲಿ ಕರ್ನಾಟಕ ಅಣೆಕಟ್ಟು ಕಟ್ಟಿದಾಗ ತಮಿಳುನಾಡು 1892ರ ಮದ್ರಾಸ್–ಮೈಸೂರು ಒಪ್ಪಂದ ಹಿಡಿದುಕೊಂಡು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರಿನಲ್ಲಿ ಕೋರ್ಟು ಕೆಲಸಕ್ಕೆ ತಡೆ ಕೊಡಲಿಲ್ಲ, ನ್ಯಾಯಮಂಡಳಿಯ ದಾರಿ ತೋರಿಸಿತು. ನೀರು ಹೇಗಿದೆ ಅನ್ನುವುದು ಇನ್ನೊಂದು ಕಡೆ, ಹಸಿರು ನ್ಯಾಯಮಂಡಳಿಯ ಫೈಲಿನಲ್ಲಿ. ಮಾವನ ಹೊಲಕ್ಕೆ ಎರಡೂ ಒಂದೇ ಕಾಲುವೆಯಲ್ಲಿ ಬರುತ್ತವೆ. ಕೊಡಿಯಾಳಂ ಹತ್ತಿರ ಹೊಳೆ ಗಡಿ ದಾಟುವಲ್ಲಿ ದಿನಾ ಇಷ್ಟು ನೀರು, ಅದರಲ್ಲಿ ಇಷ್ಟು ಆಮ್ಲಜನಕ ಅಂತ ಒಟ್ಟಿಗೆ ಅಳೆದು, ಅಣೆಕಟ್ಟಿನ ಮಟ್ಟದ ಹಾಗೆ ಪೇಪರಿನಲ್ಲಿ ಹಾಕಲಿ. ಶುದ್ಧ ಮಾಡಿದ ನೀರಿನಲ್ಲಿ ಕೋಲಾರಕ್ಕೆ ಎಷ್ಟೋ ಅಷ್ಟು ಕೊಟ್ಟು, ಹೊಳೆಗೂ ಒಂದು ಪಾಲು ಬರೆದಿಡಲಿ. ಈ ಎರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಗಂಟು ಬಿಚ್ಚುವುದು ನನಗೆ ಕಾಣುತ್ತಿಲ್ಲ. ಫೈರ್ ಎಂಜಿನ್ನಿನಿಂದಂತೂ ಖಂಡಿತ ಅಲ್ಲ.

ಅಲ್ಲಿಯ ತನಕ ಮಾವ ತಮ್ಮದೇ ಒಂದು ದಾರಿ ಕಂಡುಕೊಂಡಿದ್ದಾರೆ. ಅವರು ಈಗ ಹೊಸೂರಿನ ಆಕಾಶ ನೋಡುವುದಿಲ್ಲ, ಫೋನು ನೋಡುತ್ತಾರೆ. ಬೆಂಗಳೂರಿನ ಟ್ರಾಫಿಕ್ ಜಾಮಿನ ವಿಡಿಯೋಗಳು. ಬೆಳ್ಳಂದೂರಿನ ರೋಡಿನಲ್ಲಿ ಕಾರುಗಳು ಅರ್ಧ ಮುಳುಗಿ ನಿಂತಿದ್ದರೆ ಸಾಕು, ಒಂದು ದಿನವೋ ಒಂದೂವರೆ ದಿನವೋ ಬಿಟ್ಟು ನೊರೆ ಇಲ್ಲಿಗೆ ಬರುತ್ತದೆ ಅನ್ನುವುದು ಅವರ ಲೆಕ್ಕ. ನಾನು ನೋಡಿದಂತೆ ಆ ಲೆಕ್ಕ ಹೆಚ್ಚು ಸಲ ತಪ್ಪಿಲ್ಲ.

ಹೋದ ವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ್ದರು. ಹಿಂದೆ ಟಿವಿಯ ಸದ್ದು.

"ನಿಮ್ಮ ಬೆಂಗಳೂರಲ್ಲಿ ಮಳೆ ಜೋರಾ?"

"ಹೂಂ ಮಾವ, ಸಂಜೆಯಿಂದ ಹೊಡೀತಿದೆ. ರೋಡೆಲ್ಲಾ ನೀರು."

"ಸರಿ ಇಡು ಹಂಗಾದ್ರೆ. ಬೆಳಿಗ್ಗೆನೇ ಹೂವು ಕೊಯ್ದು, ಕಾಲುವೆ ಬಾಯಿಗೆ ಮಣ್ಣು ಹಾಕಿಬಿಡ್ತೀನಿ."